ಹಾರ್ಟ್ ಅಟ್ಯಾಕ್ ಆದಾಗ ಅಪ್ಪನಿಗೆ ಮಾರ್ಫಿನ್ ಕೊಟ್ಟರು, ತೊಂದರೆ ಏನಾದ್ರೂ ಆಯ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೂಡಿಗೆರೆ ತಾಲ್ಲೂಕು. ಅಪ್ಪನಿಗೆ 63 ವರ್ಷ. ಹೋದ ತಿಂಗಳು ಬೆಳಗಿನ ಜಾವ ಎದೆನೋವು ಬಂತು. ಗ್ಯಾಸ್ಟ್ರಿಕ್ ಇರಬೇಕು ಅಂತ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋದೆವು. ಅಲ್ಲಿ ಸೊಂಟಕ್ಕೆ ಒಂದು ನೋವಿನ ಇಂಜೆಕ್ಷನ್ ಹಾಕಿದರು, ಕಡಿಮೆ ಆಗಲಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹಾರ್ಟ್ ಅಟ್ಯಾಕ್ ಅಂದರು. ನಾಲ್ಕೈದು ಮಾತ್ರೆ ಕೊಟ್ಟು, ಹೆಪ್ಪು ಕರಗಿಸುವ ಇಂಜೆಕ್ಷನ್ ಹಾಕಿ, ನೋವಿಗೆ ಮಾರ್ಫಿನ್ ಕೊಟ್ಟು ಹಾಸನಕ್ಕೆ ಕಳಿಸಿದರು. ದಾರಿಯಲ್ಲಿ ಅಪ್ಪ ವಾಂತಿ ಮಾಡಿಕೊಂಡರು. ಹಾಸನದಲ್ಲಿ ಸ್ಟೆಂಟ್ ಹಾಕಿದ್ದಾರೆ, ಈಗ ಮನೆಯಲ್ಲಿ ಚೆನ್ನಾಗಿದ್ದಾರೆ. ಆದರೆ ನಮ್ಮ ಭಾವ ಮೊಬೈಲ್‌ನಲ್ಲಿ ಓದಿ, ಹಾರ್ಟ್ ಅಟ್ಯಾಕ್ ಆದವರಿಗೆ ಮಾರ್ಫಿನ್ ಕೊಟ್ಟರೆ ಸಾವು ಜಾಸ್ತಿ, ಅದು ಅಫೀಮು, ಚಟ ಬೇರೆ ಹತ್ತುತ್ತೆ ಅಂತಿದ್ದಾರೆ. ಇನ್ನೊಂದು ಸಲ ಹೀಗಾದರೆ ಬೇಡ ಅನ್ನಬೇಕಾ? ಅಮ್ಮ ಅಂತೂ ಫೈಲ್ ಮೇಲೆ ‘ಮಾರ್ಫಿನ್ ಅಲರ್ಜಿ’ ಅಂತ ಬರೆಸು ಅಂತ ಹಟ ಹಿಡಿದಿದ್ದಾರೆ.

ಉತ್ತರ: ನೇರವಾಗಿ ಹೇಳಿಬಿಡ್ತೀನಿ. ನಿಮ್ಮ ತಂದೆಯವರಿಗೆ ಮಾರ್ಫಿನ್ ಕೊಟ್ಟದ್ದು ತಪ್ಪಲ್ಲ. ನಿಮ್ಮ ಪತ್ರ ಓದುವಾಗ ನನಗೆ ಆತಂಕ ಆಗಿದ್ದು ಬೇರೆ ಇಂಜೆಕ್ಷನ್ ಬಗ್ಗೆ, ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಹಾಕಿದ್ದರ ಬಗ್ಗೆ. ಅದಕ್ಕೆ ಆಮೇಲೆ ಬರ್ತೀನಿ, ದಯವಿಟ್ಟು ಆ ಭಾಗವನ್ನು ಬಿಡದೆ ಓದಿ.

ನಿಮ್ಮ ಭಾವ ಓದಿದ್ದು ಸುಳ್ಳೇನಲ್ಲ, ಅರ್ಧ ಓದಿದ್ದಾರೆ ಅಷ್ಟೆ. 2005ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಬಂತು, ಕ್ರುಸೇಡ್ ಅಂತ ಅದರ ಹೆಸರು. ನೂರಾರು ಆಸ್ಪತ್ರೆಗಳಿಂದ ಸುಮಾರು 57 ಸಾವಿರ ರೋಗಿಗಳ ದಾಖಲೆ ತೆಗೆದು ನೋಡಿದರು. ಅದರಲ್ಲಿ ಹತ್ತಿರ ಹತ್ತಿರ ಶೇಕಡಾ 30 ಜನಕ್ಕೆ ಮಾರ್ಫಿನ್ ಕೊಟ್ಟಿದ್ದರು. ವಯಸ್ಸು, ಬೇರೆ ಕಾಯಿಲೆ ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಮಾರ್ಫಿನ್ ಪಡೆದವರಲ್ಲಿ ಸಾವಿನ ಸಂಭವ ಹೆಚ್ಚುಕಡಿಮೆ ಒಂದೂವರೆ ಪಟ್ಟು ಕಂಡಿತು. ಭಯ ಹುಟ್ಟಿಸುವ ಅಂಕಿಯೇ. ನಾವು ಡಾಕ್ಟರುಗಳೂ ಆಗ ಬೆಚ್ಚಿದ್ದೆವು.

ಆದರೆ ಅದು ದಾಖಲೆ ನೋಡಿ ಬರೆದ ಅಧ್ಯಯನ. ಯಾರಿಗೆ ಮಾರ್ಫಿನ್ ಕೊಡಬೇಕು ಅಂತ ಡಾಕ್ಟರ್ ಎದುರಿಗಿರುವ ರೋಗಿಯನ್ನು ನೋಡಿ ತೀರ್ಮಾನ ಮಾಡಿರುತ್ತಾರೆ, ಅಲ್ವಾ? ನೋವು ತಡೆಯೋಕಾಗದೆ ಒದ್ದಾಡುವವರಿಗೆ ಕೊಡ್ತಾರೆ, ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಔಷಧಿ ಕೊಟ್ಟರೂ ಬಗ್ಗದ ನೋವಿಗೆ ಕೊಡ್ತಾರೆ. ಅಂಥವರಿಗೆ ಮೊದಲೇ ಅಟ್ಯಾಕ್ ದೊಡ್ಡದಾಗಿರುವ ಸಾಧ್ಯತೆ ಜಾಸ್ತಿ. ಜುಲೈ ತಿಂಗಳ ಮಳೆಯಲ್ಲಿ ಕೊಟ್ಟಿಗೆಹಾರದಲ್ಲಿ ಛತ್ರಿ ಹಿಡಿದವರೆಲ್ಲ ಒದ್ದೆಯಾಗಿರ್ತಾರೆ, ಹಾಗಂತ ಛತ್ರಿಯಿಂದಲೇ ಒದ್ದೆಯಾದರು ಅನ್ನೋಕಾಗುತ್ತಾ? ಲೆಕ್ಕದಲ್ಲಿ ಎಷ್ಟೇ ಸರಿಹೊಂದಿಸಿದರೂ ಈ ಎಡವಟ್ಟು ಪೂರ್ತಿ ಹೋಗೋದಿಲ್ಲ. ಇನ್ನೊಂದು ವಿಷಯ. ಆ ಅಧ್ಯಯನದಲ್ಲಿದ್ದವರು ರಕ್ತನಾಳ ಪೂರ್ತಿ ಮುಚ್ಚಿಹೋಗಿ ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೇರಿದವರಲ್ಲ, ಎಸ್‌ಟಿ ಏರದ ಬೇರೆ ಬಗೆಯ ಅಟ್ಯಾಕ್‌ನವರು. ನಿಮ್ಮ ತಂದೆಯವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ ಅಂದರೆ ಅವರದು ಎಸ್‌ಟಿ ಏರಿದ ಅಟ್ಯಾಕ್. ಅಂಥ ರೋಗಿಗಳನ್ನೇ ತೆಗೆದುಕೊಂಡು ಫ್ರಾನ್ಸ್‌ನವರು ನೋಡಿದ ಲೆಕ್ಕ 2016ರಲ್ಲಿ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಮಾರ್ಫಿನ್ ಪಡೆದವರಲ್ಲಿ ಒಂದು ವರ್ಷದವರೆಗೂ ಸಾವು ಜಾಸ್ತಿ ಕಾಣಲಿಲ್ಲ.

ಹಾಗಾದರೆ ಮಾರ್ಫಿನ್ ಪೂರ್ತಿ ನಿರಪಾಯನಾ ಅಂದರೆ, ಅದೂ ಅಲ್ಲ. ನಿಜವಾದ ತೊಂದರೆ ಇರೋದು ಹೊಟ್ಟೆಯಲ್ಲಿ.

ಮಾರ್ಫಿನ್ ಮತ್ತು ಅದರ ಜಾತಿಯ ಎಲ್ಲ ಔಷಧಿಗಳೂ ಜಠರದ ಚಲನೆಯನ್ನು ನಿಧಾನ ಮಾಡುತ್ತವೆ. ನುಂಗಿದ್ದು ಹೊಟ್ಟೆಯಲ್ಲೇ ಕೂತುಬಿಡುತ್ತೆ, ಕರುಳಿಗೆ ಇಳಿಯೋಕೆ ಹೊತ್ತಾಗುತ್ತೆ. ಬೇರೆ ದಿನ ಆಗಿದ್ದರೆ ಇದರಿಂದ ಏನೂ ಆಗ್ತಿರಲಿಲ್ಲ. ಆದರೆ ಅಟ್ಯಾಕ್ ಆದ ಹೊತ್ತಿನಲ್ಲಿ ನಾವು ನುಂಗಿಸುವ ಮಾತ್ರೆಗಳಿವೆಯಲ್ಲ, ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್, ಅವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಮತ್ತೆ ಹೆಪ್ಪಾಗದಂತೆ ತಡೆಯುವ ಮಾತ್ರೆಗಳು. ಅವು ಬೇಗ ರಕ್ತಕ್ಕೆ ಸೇರಬೇಕು ಅಂತಲೇ ಮೊದಲ ಸಲಕ್ಕೇ ಹೆಚ್ಚಿನ ಪ್ರಮಾಣದ ಲೋಡಿಂಗ್ ಡೋಸ್ ಕೊಡೋದು. ಅದೇ ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ?

ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 2014ರಲ್ಲಿ ವಿಯೆನ್ನಾದಲ್ಲಿ 24 ಮಂದಿ ಆರೋಗ್ಯವಂತರಿಗೆ ಕ್ಲೋಪಿಡೋಗ್ರೆಲ್ ಜೊತೆ ಮಾರ್ಫಿನ್ ಕೊಟ್ಟಾಗ ಮಾತ್ರೆ ರಕ್ತಕ್ಕೆ ಸೇರೋದು ತಡವಾಯಿತು, ಸೇರಿದ್ದೂ ಕಡಿಮೆ. 2016ರಲ್ಲಿ ಪೋಲೆಂಡ್‌ನಲ್ಲಿ ನಿಜವಾದ ಹಾರ್ಟ್ ಅಟ್ಯಾಕ್ ರೋಗಿಗಳು 70 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 5 ಮಿಲಿಗ್ರಾಂ ಮಾರ್ಫಿನ್, ಇನ್ನೊಂದಕ್ಕೆ ಬರೀ ಸಲೈನ್ ನೀರು, ಇಬ್ಬರಿಗೂ ಟಿಕಾಗ್ರೆಲರ್. ಸಲೈನ್ ಗುಂಪಿನಲ್ಲಿ ಮಾತ್ರೆ 2 ಗಂಟೆಯಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿತು, ಮಾರ್ಫಿನ್ ಗುಂಪಿನಲ್ಲಿ 4 ಗಂಟೆ ಬೇಕಾಯಿತು. ಒಟ್ಟು ಸೇರಿದ ಪ್ರಮಾಣವೂ ಮೂರನೇ ಒಂದು ಪಾಲಿನಷ್ಟು ಕಡಿಮೆ. ಮಾರ್ಫಿನ್ ಬೇಡ, ಅದೇ ಜಾತಿಯ ಫೆಂಟನಿಲ್ ಕೊಡೋಣ ಅಂದುಕೊಂಡವರಿಗೂ ನಿರಾಸೆ ಆಯ್ತು. 2018ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ ಫೆಂಟನಿಲ್ ಕೂಡ ಇದೇ ಕೆಲಸ ಮಾಡಿತು. ಅಂದರೆ ಇದು ಇಡೀ ಓಪಿಯಾಯ್ಡ್ ಕುಟುಂಬದ, ಅಂದರೆ ಮಾರ್ಫಿನ್ ಜಾತಿಯ ಔಷಧಿಗಳೆಲ್ಲದರ ಗುಣ.

ಹೀಗೆ ತಡವಾಗಿದ್ದರಿಂದ ಜನ ಜಾಸ್ತಿ ಸತ್ತರಾ? ಅದು ಖಚಿತವಾಗಿ ಸಾಬೀತಾಗಿಲ್ಲ. ಈ ಪರೀಕ್ಷೆಗಳೆಲ್ಲ ಚಿಕ್ಕವು, ಸಾವಿನ ವ್ಯತ್ಯಾಸ ತೋರಿಸುವಷ್ಟು ದೊಡ್ಡವಲ್ಲ. ಹಾಗಾಗಿ ಯುರೋಪಿನ ಹೃದ್ರೋಗ ತಜ್ಞರ ಸಂಘ 2017ರಲ್ಲೂ 2023ರಲ್ಲೂ ಒಂದೇ ಮಾತು ಹೇಳಿದೆ. ನೋವು ಜೋರಾಗಿದ್ದರೆ ರಕ್ತನಾಳದ ಮೂಲಕ ಓಪಿಯಾಯ್ಡ್ ಕೊಡಬಹುದು, ಆದರೆ ನುಂಗುವ ಮಾತ್ರೆ ನಿಧಾನ ಆಗುತ್ತೆ ಅನ್ನೋದು ನೆನಪಿರಲಿ. ನನ್ನ ಅಭಿಪ್ರಾಯವೂ ಅದೇ. ನಾವು ಓದುವ ಕಾಲಕ್ಕೆ ಎದೆನೋವು ಅಂತ ಬಂದ ಎಲ್ಲರಿಗೂ ಮಾರ್ಫಿನ್, ಆಕ್ಸಿಜನ್, ನೈಟ್ರೇಟ್, ಆಸ್ಪಿರಿನ್ ನಾಲ್ಕನ್ನೂ ಕಣ್ಣುಮುಚ್ಚಿ ಕೊಡೋ ರೂಢಿ ಇತ್ತು. ಈಗ ಅದರಲ್ಲಿ ಎಲ್ಲರಿಗೂ ಅಂತ ಉಳಿದಿರೋದು ಆಸ್ಪಿರಿನ್ ಒಂದೇ. ಆಕ್ಸಿಜನ್ ಕೂಡ ರಕ್ತದಲ್ಲಿ ಮಟ್ಟ ಇಳಿದಿದ್ದರೆ ಮಾತ್ರ.

ನಿಮ್ಮ ತಂದೆಯವರ ವಿಷಯದಲ್ಲಿ ಸಮಾಧಾನದ ಸಂಗತಿ ಇದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ನೇರ ರಕ್ತನಾಳಕ್ಕೆ ಹೋಗುತ್ತೆ, ಹೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ. ಹೊಸ ಹೆಪ್ಪು ಕಟ್ಟದಂತೆ ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್‌ಗೂ ಹೊಟ್ಟೆಗೂ ಸಂಬಂಧ ಇಲ್ಲ. ಅವರ ಜೀವ ಉಳಿಸಿದ ಮುಖ್ಯ ಔಷಧಿಗೆ ಮಾರ್ಫಿನ್ ಅಡ್ಡ ಬಂದಿಲ್ಲ.

ಇನ್ನು ನೋವು ಯಾಕೆ ಕಡಿಮೆ ಮಾಡಬೇಕು, ಸಹಿಸಿಕೊಂಡರೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ನಮ್ಮ ಕಡೆ ಗಂಡಸರಿಗೆ ನೋವು ನುಂಗಿಕೊಳ್ಳೋದೇ ದೊಡ್ಡತನ ಅನ್ನೋ ಅಭ್ಯಾಸ ಬೇರೆ. ಆದರೆ ಆ ನೋವು ಸುಮ್ನೆ ಇರೋದಿಲ್ಲ. ನೋವು, ಭಯ ಎರಡೂ ಸೇರಿ ದೇಹದಲ್ಲಿ ಅಡ್ರಿನಲಿನ್ ಏರುತ್ತೆ, ನಾಡಿ ಓಡುತ್ತೆ, ಬಿಪಿ ಏರುತ್ತೆ. ಮೊದಲೇ ರಕ್ತ ಸಿಗದೆ ಒದ್ದಾಡುತ್ತಿರುವ ಹೃದಯಕ್ಕೆ ಇನ್ನಷ್ಟು ದುಡಿ ಅಂದ ಹಾಗಾಗುತ್ತೆ. ಜೊತೆಗೆ, ಒದ್ದಾಡುತ್ತಿರುವ ಮನುಷ್ಯನ ನೋವು ಇಳಿಸೋದು ಡಾಕ್ಟರ್ ಕರ್ತವ್ಯ, ಅದಕ್ಕೆ ಬೇರೆ ಕಾರಣವೂ ಬೇಕಿಲ್ಲ.

ಕೊಡುವ ರೀತಿಯಲ್ಲೇ ಅರ್ಧ ಸುರಕ್ಷತೆ ಇದೆ. ಮಾರ್ಫಿನ್ ಆಂಪ್ಯೂಲ್ (ಔಷಧಿ ತುಂಬಿದ ಚಿಕ್ಕ ಗಾಜಿನ ಸೀಸೆ) ಬೀರುವಿನಲ್ಲಿ ಬೀಗ ಹಾಕಿಟ್ಟಿರ್ತಾರೆ. ಸಿಸ್ಟರ್ ರಿಜಿಸ್ಟರ್‌ನಲ್ಲಿ ಬರೆದು, ಸಹಿ ಹಾಕಿ ತೆಗೀಬೇಕು. ಅದರಲ್ಲಿರುವ 10 ಮಿಲಿಗ್ರಾಂ ಔಷಧಿಗೆ ನೀರು ಸೇರಿಸಿ 10 ಎಂಎಲ್ ಸಿರಿಂಜ್ ತುಂಬಿಸ್ತಾರೆ, ಆಗ ಒಂದೊಂದು ಎಂಎಲ್‌ಗೆ ಒಂದೊಂದು ಮಿಲಿಗ್ರಾಂ ಲೆಕ್ಕ ಸಿಗುತ್ತೆ. ಎರಡು, ಮೂರು, ಹೆಚ್ಚೆಂದರೆ ನಾಲ್ಕು ಎಂಎಲ್ ನಿಧಾನಕ್ಕೆ ತಳ್ಳಿ ನಿಲ್ಲಿಸಬೇಕು. ಮಾನಿಟರ್ ಮೇಲೆ ಒಂದು ಕಣ್ಣು, ರೋಗಿಯ ಎದೆ ಏರಿಳಿಯೋದರ ಮೇಲೆ ಇನ್ನೊಂದು ಕಣ್ಣು. 5ರಿಂದ 15 ನಿಮಿಷ ಬಿಟ್ಟು, ನೋವು ಇನ್ನೂ ಇದ್ದರೆ ಮತ್ತೆ ಸ್ವಲ್ಪ. ಉಸಿರಾಟ ತೀರಾ ನಿಧಾನವಾದರೆ ತಿರುಗಿಸೋಕೆ ನಾಲೋಕ್ಸೋನ್ ಅನ್ನೋ ಔಷಧಿ ಇದೆ. ಇಷ್ಟು ನಡೆಯುವ ಜಾಗದಲ್ಲಿ ಮಾರ್ಫಿನ್ ಬಗ್ಗೆ ಹೆದರಬೇಕಾಗಿಲ್ಲ. ಇಡೀ ಆಂಪ್ಯೂಲನ್ನು ಒಂದೇ ಸಲ ತಳ್ಳೋದು ಮಾತ್ರ ತಪ್ಪು.

ಬಿಪಿ ಮೊದಲೇ ಇಳಿದಿದ್ದರೆ, ಹೃದಯದ ಕೆಳಗೋಡೆಯ ಅಟ್ಯಾಕ್ ಜೊತೆ ಬಲಭಾಗಕ್ಕೂ ಪೆಟ್ಟಾಗಿದ್ದರೆ ಮಾರ್ಫಿನ್, ನೈಟ್ರೇಟ್ ಎರಡಕ್ಕೂ ಹಿಂದೆಮುಂದೆ ನೋಡ್ತೀವಿ. ಕಿಡ್ನಿ ತೊಂದರೆ ಇರುವವರಲ್ಲಿ ಔಷಧಿ ಮೈಯಲ್ಲೇ ಉಳಿದು ಮಂಪರು ಜಾಸ್ತಿಯಾಗುತ್ತೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದವರು, ರಾತ್ರಿ ನಿದ್ದೆ ಮಾತ್ರೆ ತಗೊಳ್ಳೋರು, ಕುಡಿದು ಬಂದವರು, ಇವರ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳಿ. ಹಾಗೇ ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೆ ತಗೊಂಡಿದ್ದರೆ ಅದನ್ನೂ ನಾಚಿಕೆ ಬಿಟ್ಟು ಹೇಳಬೇಕು, ಅದರ ಮೇಲೆ ನೈಟ್ರೇಟ್ ಬಿದ್ದರೆ ಬಿಪಿ ಪಾತಾಳಕ್ಕೆ ಹೋಗುತ್ತೆ. ಮನೆಯವರ ಎದುರು ಹೇಳೋಕಾಗದಿದ್ದರೆ ಅವರನ್ನು ಹೊರಗೆ ಕಳಿಸಿ ಅನ್ನಿ, ಡಾಕ್ಟರಿಗೆ ಅರ್ಥವಾಗುತ್ತೆ.

ಚಟದ ವಿಷಯ. ಅಫೀಮಿನಿಂದ ಬಂದದ್ದು ನಿಜ. ಆದರೆ ಅಟ್ಯಾಕ್ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಕೊಟ್ಟ ಒಂದೆರಡು ಡೋಸ್‌ನಿಂದ ಯಾರಿಗೂ ಚಟ ಹತ್ತೋದಿಲ್ಲ. ಈ ಹೆದರಿಕೆಯಿಂದ, 1985ರ ಮಾದಕ ವಸ್ತು ಕಾಯ್ದೆಯ ಲೈಸೆನ್ಸ್ ತಲೆನೋವಿನಿಂದ, ಎಷ್ಟೋ ಚಿಕ್ಕ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟುಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ನಿಯಮ ಸಡಿಲಾಯಿತು, ಆದರೂ ಹಳೇ ಅಂಜಿಕೆ ಪೂರ್ತಿ ಹೋಗಿಲ್ಲ. ಅದರ ಬದಲು ಸುಲಭವಾಗಿ ಸಿಗುತ್ತೆ ಅಂತ ಪೆಂಟಜೋಸಿನ್ ಅನ್ನೋ ನೋವಿನ ಇಂಜೆಕ್ಷನ್ ಕೊಡೋದುಂಟು. ಅದು ಬಿಪಿ ಏರಿಸಿ ಹೃದಯದ ಮೇಲೆ ಹೊರೆ ಹೆಚ್ಚಿಸುವಂಥದ್ದು, ಹಾರ್ಟ್ ಅಟ್ಯಾಕ್‌ಗೆ ಹೇಳಿಸಿದ್ದಲ್ಲ. ಹೀಗಿರುವಾಗ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಇತ್ತು, ಹೆಪ್ಪು ಕರಗಿಸುವ ಇಂಜೆಕ್ಷನ್ ಇತ್ತು, ಕೊಡೋಕೆ ಧೈರ್ಯ ಇರುವ ಡಾಕ್ಟರ್ ಇದ್ದರು ಅನ್ನೋದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು.

ಈಗ ಸೊಂಟದ ಇಂಜೆಕ್ಷನ್‌ಗೆ ಬರೋಣ. ಯಾವ ಇಂಜೆಕ್ಷನ್ ಅಂತ ನೀವು ಬರೆದಿಲ್ಲ, ಚೀಟಿ ಇದ್ದರೆ ತೆಗೆದು ನೋಡಿ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಮೈಕೈ ನೋವು, ಬೆನ್ನುನೋವು ಅಂದ ತಕ್ಷಣ ಸೊಂಟಕ್ಕೆ ಹಾಕೋದು ಬಹುಮಟ್ಟಿಗೆ ಡೈಕ್ಲೋಫೆನಾಕ್. ಎದೆನೋವಿಗೂ ಅದೇ ಹಾಕಿಬಿಡ್ತಾರೆ. ಇದು ಓಪಿಯಾಯ್ಡ್ ಅಲ್ಲ, ಬೇರೆ ಜಾತಿ. ಮಾರ್ಫಿನ್ ಬಗ್ಗೆ ಇನ್ನೂ ಚರ್ಚೆ ಇದೆ, ಇದರ ಬಗ್ಗೆ ಚರ್ಚೆಯೇ ಇಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಔಷಧಿ ಕೊಡಬಾರದು, ಮೊದಲಿಂದ ತಗೋತಿದ್ದರೂ ನಿಲ್ಲಿಸಬೇಕು ಅಂತ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಸಾವು, ಮತ್ತೊಂದು ಅಟ್ಯಾಕ್, ಹಾರ್ಟ್ ಫೇಲ್ಯೂರ್ ಎಲ್ಲದರ ಅಪಾಯವೂ ಅದರಿಂದ ಏರುತ್ತೆ.

ಅಷ್ಟೇ ಅಲ್ಲ. ಸೊಂಟದ ಮಾಂಸಖಂಡಕ್ಕೆ ಯಾವ ಇಂಜೆಕ್ಷನ್ ಚುಚ್ಚಿದರೂ ಒಳಗೆ ಸಣ್ಣ ಗಾಯ ಆಗಿರುತ್ತೆ. ಅದಾಗಿ ಒಂದೆರಡು ಗಂಟೆಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಅದು ಹೃದಯದ ಹೆಪ್ಪನ್ನು ಮಾತ್ರ ಹುಡುಕಿಕೊಂಡು ಹೋಗೋದಿಲ್ಲ, ಚುಚ್ಚಿದ ಜಾಗದಲ್ಲಿ ಕಟ್ಟಿದ ಹೆಪ್ಪನ್ನೂ ಕರಗಿಸುತ್ತೆ. ಒಳಗೇ ರಕ್ತ ಸೋರಿ ಸೊಂಟ ಊದಿಕೊಂಡು, ತೊಡೆಯವರೆಗೂ ಕಪ್ಪು ನೀಲಿ ಬಣ್ಣ ಇಳಿಯುತ್ತೆ. ನಿಮ್ಮ ತಂದೆಯವರಿಗೆ ಆ ಪಕ್ಕದಲ್ಲಿ ಕಪ್ಪುಗಟ್ಟಿತ್ತಾ, ಗಂಟು ಗಟ್ಟಿಯಾಗಿ ಈಗಲೂ ನೋವಿದೆಯಾ ಕೇಳಿ. ಇದ್ದರೆ ಮುಂದಿನ ಸಲ ತೋರಿಸಲು ಹೋದಾಗ ಹೇಳಿ. ಎದೆನೋವಿಗೆ ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ, ಮೊದಲು ಇಸಿಜಿ ಆಗಲಿ. ಕ್ಲಿನಿಕ್ ಆಗಲಿ ನರ್ಸಿಂಗ್ ಹೋಮ್ ಆಗಲಿ, ಯಾರು ಏನೇ ಅಂದರೂ ನೀವು ಇದನ್ನು ಹೇಳಬಹುದು, ಹೇಳಬೇಕು. ಅಕಸ್ಮಾತ್ ಹಾಕಿಸಿಕೊಂಡಿದ್ದರೆ, ಆಸ್ಪತ್ರೆ ಬಾಗಿಲಲ್ಲೇ ‘ಸೊಂಟಕ್ಕೆ ಇಂಜೆಕ್ಷನ್ ಆಗಿದೆ’ ಅಂತ ತಿಳಿಸಿ.

2025ರ ಮೇ, ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸಾಲು ಸಾಲು ಹಠಾತ್ ಸಾವಿನ ಸುದ್ದಿ ಬಂದು ಜನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದು ನೆನಪಿರಬಹುದು. ಸರ್ಕಾರ ತಜ್ಞರ ಸಮಿತಿಯನ್ನೂ ಮಾಡಿತು. ಆ ಗಾಬರಿಯಿಂದ ಒಂದು ಒಳ್ಳೆಯದಾಯ್ತು, ಎದೆನೋವು ಅಂದರೆ ಇಸಿಜಿ ಅನ್ನೋದು ತುಂಬಾ ಮನೆಗಳಿಗೆ ಗೊತ್ತಾಯಿತು. ಆದರೂ ತೋಟದ ಕಡೆ ಇನ್ನೂ ಮೊದಲು ಸೋಡಾ, ಆಮೇಲೆ ಓಮದ ನೀರು, ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ, ಬೆಳಕು ಹರಿದ ಮೇಲೆ ಡಾಕ್ಟರು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಿಂದಲೇ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತೆ, ಟೆನೆಕ್ಟೆಪ್ಲೇಸ್ ಉಚಿತವಾಗಿ ಸಿಗುತ್ತೆ. ಹಾಗಾಗಿ ಚಿಕ್ಕ ಕ್ಲಿನಿಕ್‌ಗಳನ್ನು ಸುತ್ತಿ ಸಮಯ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬೇಗ ಬರೋದಿಲ್ಲ ಅಂತಾದರೆ ಸಿಕ್ಕಿದ ಜೀಪಿನಲ್ಲಿ ಹೊರಡಿ, ರೋಗಿ ಡ್ರೈವ್ ಮಾಡೋದು ಬೇಡ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಬಹುದು, ಫೋನಿನಲ್ಲೇ ಕೇಳಿ ಕೊಡಿ. 1988ರ ಐಸಿಸ್-2 ಅನ್ನೋ ಪರೀಕ್ಷೆಯಲ್ಲಿ 17 ಸಾವಿರ ರೋಗಿಗಳಲ್ಲಿ ಬರೀ ಆಸ್ಪಿರಿನ್‌ನಿಂದಲೇ ಸಾವು ಶೇಕಡಾ 23ರಷ್ಟು ಕಡಿಮೆ ಆಗಿತ್ತು. ಮಂಡಿನೋವಿಗೆ ಅಂತ ತಂದಿಟ್ಟ ಟ್ರಮಡಾಲ್ ಉಳಿದಿದೆ ಅಂತ ಅದನ್ನು ಕೊಡಬೇಡಿ. ಅದೂ ಓಪಿಯಾಯ್ಡ್ ಜಾತಿಯೇ, ಮನೆಯಲ್ಲಿ ಮಾನಿಟರ್ ಇಲ್ಲ.

ಮಾರ್ಫಿನ್ ಕೊಟ್ಟ ಮೇಲೆ ಮನೆಯವರು ಎರಡು ವಿಷಯ ಗಮನಿಸಬೇಕು. ಒಂದು, ವಾಂತಿ. ಮಾರ್ಫಿನ್‌ನಿಂದ ವಾಂತಿ ಬರೋದು ಸಾಮಾನ್ಯ, ಅಟ್ಯಾಕ್‌ನಿಂದಲೂ ಬರುತ್ತೆ. ಅಸಹ್ಯ ಅಂದುಕೊಳ್ಳದೆ ಅದರಲ್ಲಿ ಮಾತ್ರೆ ಇದೆಯಾ ನೋಡಿ, ಎಷ್ಟು ಗಂಟೆಗೆ ನುಂಗಿದ್ದು, ಎಷ್ಟು ಗಂಟೆಗೆ ವಾಂತಿ ಆಯ್ತು ಅಂತ ಹೇಳಿ. ನುಂಗಿದ ಹತ್ತಿಪ್ಪತ್ತು ನಿಮಿಷದಲ್ಲೇ ಹೊರಗೆ ಬಂದಿದ್ದರೆ ಮತ್ತೆ ಕೊಡಬೇಕಾಗಬಹುದು, ಟಿಕಾಗ್ರೆಲರ್ ಆದರೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡ್ತೀವಿ, ಬೇಗ ಸೇರುತ್ತೆ. ಆಂಜಿಯೋಪ್ಲಾಸ್ಟಿ ಹೊತ್ತಿಗೂ ಮಾತ್ರೆ ಕೆಲಸ ಮಾಡಿಲ್ಲ ಅನ್ನಿಸಿದರೆ ರಕ್ತನಾಳಕ್ಕೇ ಕೊಡುವ ಟಿರೋಫಿಬಾನ್ ಥರದ ಔಷಧಿ ಇದೆ. ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಆದವರಿಗೆ ಅದರಿಂದ ರಕ್ತಸ್ರಾವದ ಭಯ ಇರುತ್ತೆ, ಅಲ್ಲಿನ ಡಾಕ್ಟರ್ ತೂಗಿ ನೋಡಿ ತೀರ್ಮಾನ ಮಾಡ್ತಾರೆ. ಇದೆಲ್ಲ ಸಾಧ್ಯ ಆಗೋದು ಮುಂದಿನ ಆಸ್ಪತ್ರೆಯವರಿಗೆ ವಿಷಯ ಗೊತ್ತಿದ್ದರೆ. ಮೂಡಿಗೆರೆಯಿಂದ ಹಾಸನ ಮುಟ್ಟೋ ಹೊತ್ತಿಗೆ ರೋಗಿ ಮಂಪರಿನಲ್ಲಿರ್ತಾರೆ, ಜೊತೆಗಿದ್ದವರಿಗೆ ಗಾಬರಿ. ರೆಫರಲ್ ಚೀಟಿಯಲ್ಲಿ ಮಾರ್ಫಿನ್ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಮಾತ್ರೆಗಳು ಎಷ್ಟು ಗಂಟೆಗೆ ಅಂತ ಬರೆದಿದೆಯಾ ಅಂತ ಹೊರಡುವ ಮೊದಲು ಒಂದು ಸಲ ಕೇಳಿ. ಆ ಚೀಟಿಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಎರಡನೆಯದು ಇನ್ನೂ ಮುಖ್ಯ. ಮಾರ್ಫಿನ್ ಆದ ಮೇಲೆ ನೋವು ಹೋಯ್ತು ಅಂದರೆ ಅಟ್ಯಾಕ್ ಹೋಯ್ತು ಅಂತಲ್ಲ. ರಕ್ತನಾಳ ಮುಚ್ಚಿಕೊಂಡೇ ಇರಬಹುದು, ನೋವು ಮಾತ್ರ ಗೊತ್ತಾಗ್ತಿಲ್ಲ. ‘ಈಗ ಆರಾಮಾಗಿದ್ದಾರೆ, ನಾಳೆ ಬೆಳಿಗ್ಗೆ ಹಾಸನಕ್ಕೆ ಹೋದರಾಯ್ತು’ ಅಂತ ವಾಪಸ್ ಮನೆಗೆ ಕರ್ಕೊಂಡು ಹೋಗುವವರಿದ್ದಾರೆ, ಕೈ ಮುಗಿದು ಕೇಳ್ತೀನಿ, ಹಾಗೆ ಮಾಡಬೇಡಿ. ನಾವು ನೋವನ್ನು ನಂಬೋದಿಲ್ಲ, ಇಸಿಜಿಯನ್ನು ನಂಬ್ತೀವಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಆಗಿ 60ರಿಂದ 90 ನಿಮಿಷಕ್ಕೆ ಮತ್ತೆ ಇಸಿಜಿ ತೆಗೆದು, ಮೇಲೇರಿದ್ದ ಗೆರೆ ಅರ್ಧಕ್ಕಿಂತ ಜಾಸ್ತಿ ಇಳಿದಿದೆಯಾ ನೋಡ್ತೀವಿ. ಇಳಿಯದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ, ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ. ನಿಮ್ಮ ತಂದೆಯವರನ್ನು ನೋವು ಇಳಿದ ಮೇಲೂ ತಡ ಮಾಡದೆ ಹಾಸನಕ್ಕೆ ಕಳಿಸಿದ್ದು ಇದಕ್ಕೇ.

ಕೊನೆಗೆ ನಿಮ್ಮ ಅಮ್ಮನ ಮಾತು. ದಯವಿಟ್ಟು ‘ಮಾರ್ಫಿನ್ ಅಲರ್ಜಿ’ ಅಂತ ಬರೆಸಬೇಡಿ. ವಾಂತಿ ಅಲರ್ಜಿಯಲ್ಲ. ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟಿ ಬಿಪಿ ಇಳಿಯೋದು, ಅದು ಅಲರ್ಜಿ, ಅಂಥದ್ದೇನೂ ನಿಮ್ಮ ಪತ್ರದಲ್ಲಿಲ್ಲ. ಒಂದು ಸಲ ಫೈಲ್ ಮೇಲೆ ಕೆಂಪು ಇಂಕಿನಲ್ಲಿ ಅಲರ್ಜಿ ಅಂತ ಬಿದ್ದರೆ ಮುಂದೆ ಕಾಲು ಮುರಿದರೂ, ಆಪರೇಷನ್ ಆದರೂ ಆ ಔಷಧಿ ಯಾರೂ ಮುಟ್ಟೋದಿಲ್ಲ, ನೋವು ಅನುಭವಿಸಬೇಕಾದವರು ಅಪ್ಪನೇ. ‘ಮಾರ್ಫಿನ್ ಕೊಟ್ಟಾಗ ವಾಂತಿಯಾಗಿತ್ತು’ ಅಂತ ದಿನಾಂಕ ಹಾಕಿ ಬರೆಸಿ, ಅಷ್ಟು ಸಾಕು, ಮುಂದಿನ ಡಾಕ್ಟರ್ ವಾಂತಿ ತಡೆಯುವ ಔಷಧಿ ಜೊತೆಗೇ ಕೊಡ್ತಾರೆ. ಅದರ ಕೆಳಗೇ ‘ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊಡಬಾರದು’ ಅಂತ ದಪ್ಪ ಅಕ್ಷರದಲ್ಲಿ ಬರೆಸಿ. ಸ್ಟೆಂಟ್ ಹಾಕಿದ ಮೇಲೆ ಕೊಟ್ಟಿರುವ ಎರಡು ರಕ್ತ ತೆಳು ಮಾಡುವ ಮಾತ್ರೆಗಳನ್ನು ಹಲ್ಲು ಕೀಳಿಸೋಕೆ ಅಂತ ಕೂಡ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಂಡಿನೋವು ಬಂದರೆ ಪ್ಯಾರಾಸಿಟಮಾಲ್ ಸಾಕು.